ವಿವಾಹ ಸಂಸ್ಕಾರಕ್ಕೆ ಯಾವ ಸ್ಥಳ? ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಪಾಲನಾ ಪ್ರಶ್ನೆಯೊಂದು

ಪಾಸ್ಕ ಹಬ್ಬದ ಮರುವಾರದಿಂದಲೇ ಯಾದಗಿರಿ ಸೀಮೆಯಲ್ಲಿ ಮದುವೆಗಳ ಕಾಲ ಆರಂಭವಾಗುತ್ತದೆ. ತಪಸ್ಸುಕಾಲ ಕಳೆದಿರುತ್ತದೆ, ಹೊಲಗಳು ಬರಿದಾಗಿರುತ್ತವೆ, ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋದವರು ಮದುವೆ, ಜಾತ್ರೆಗಳಿಗೆಂದು ಊರಿಗೆ ಬಂದಿರುತ್ತಾರೆ. ಬಿಸಿಲು 40 ಡಿಗ್ರಿ ದಾಟಿದ ಆ ದಿನಗಳಲ್ಲಿ ಗುರುನಿಲಯದ ಬಾಗಿಲಿಗೆ ಬರುವ ತಂದೆತಾಯಿಗಳು ಮೊದಲು ಎತ್ತುವ ಮಾತು ದಿನಾಂಕದ್ದಲ್ಲ, ಸ್ಥಳದ್ದು. "ಫಾದರ್, ಫಂಕ್ಷನ್ ಹಾಲ್ ಬುಕ್ ಮಾಡೀವ್ರಿ. ಅಲ್ಲೇ ಬಂದು ಮದಿವಿ ಮಾಡಸ್ರಿ." ಮುಂಗಡ ಹಣ ಆಗಲೇ ಸಂದಾಯವಾಗಿರುತ್ತದೆ, ಲಗ್ನಪತ್ರಿಕೆಯ ಕರಡೂ ಕೈಯಲ್ಲಿರುತ್ತದೆ.

ಹೊಸದಾಗಿ ದೀಕ್ಷೆ ಪಡೆದ ಗುರುವಿಗೆ ಈ ಕ್ಷಣದಲ್ಲಿ ಎರಡು ಸುಲಭದ ಉತ್ತರಗಳು ಹೊಳೆಯುತ್ತವೆ. ದೇವಾಲಯದ ಹೊರಗೆ ಮದುವೆ ನಡೆಯಲೇಕೂಡದು ಎಂಬುದು ಒಂದು. ಜನರು ಕೇಳಿದ್ದಾರೆ, ಹೋಗಿ ಮಾಡಿಸಿ ಬಂದರಾಯಿತು ಎಂಬುದು ಇನ್ನೊಂದು. ಮೊದಲನೆಯದು ಧರ್ಮಸಭೆಯ ಕಾನೂನನ್ನು ಅರ್ಧ ಓದಿದವರ ಉತ್ತರ. ಎರಡನೆಯದು ಓದದೆ ಇದ್ದವರದು. ಕಳೆದ ಬೇಸಿಗೆಯಲ್ಲಿ ಪಾಲನಾ ಅಭ್ಯಾಸಕ್ಕೆಂದು ಆ ಕಡೆ ಹೋಗಿ ಬಂದ ಗುರುವಿದ್ಯಾರ್ಥಿಯೊಬ್ಬರು ತರಗತಿಯಲ್ಲಿ ಇದೇ ಪ್ರಶ್ನೆಯನ್ನೆತ್ತಿದರು. ಆಗ ಕೊಟ್ಟ ಉತ್ತರ ನನಗೇ ತೃಪ್ತಿ ತರಲಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟು: ವಿವಾಹದ ಸ್ಥಳವನ್ನು ಕುರಿತ ನಿಯಮಗಳು ಮೊದಲು ಕೇಳುವುದು "ಇದು ಯಾರ ಸಮುದಾಯ?" ಎಂದು. "ಇದು ಯಾವ ಕಟ್ಟಡ?" ಎಂಬುದು ಅನಂತರದ ಪ್ರಶ್ನೆ. ಈ ಕ್ರಮ ತಲೆಕೆಳಗಾದಾಗ ಬಡವರ ಮೇಲೆ ಹೊರೆ ಬೀಳುತ್ತದೆ. ಕೆಲವೊಮ್ಮೆ ವಿವಾಹವೇ ಅಸಿಂಧುವಾಗುತ್ತದೆ.

ಸೀಮೆಯ ಪರಿಚಯ ಎರಡು ಮಾತಿನಲ್ಲಿ. ಭೀಮಾ ತೀರದ ಯಾದಗಿರಿ 2010ರಲ್ಲಿ ಕಲಬುರಗಿಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಶಹಾಪುರ, ಸುರಪುರಗಳು ಭೀಮಾ ಮತ್ತು ಕೃಷ್ಣೆಯರ ನಡುವಿನ ನೆಲ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಅಲ್ಲಿ ಜೋಳದ ಹೊಲಗಳ ಪಕ್ಕದಲ್ಲೇ ಭತ್ತದ ಗದ್ದೆಗಳು ಕಾಣಿಸಿಕೊಂಡವು. ಕಥೋಲಿಕ ಧರ್ಮಸಭೆಯ ಆಡಳಿತದಲ್ಲಿ ಇದು 2005ರಲ್ಲಿ ಸ್ಥಾಪಿತವಾದ ಗುಲ್ಬರ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಪೂಜ್ಯ ರಾಬರ್ಟ್ ಮೈಕಲ್ ಮಿರಾಂದರು ಅದರ ಮೊದಲ ಧರ್ಮಾಧ್ಯಕ್ಷರು. ನಮಗಿಂತ ಮೊದಲೇ ಇಲ್ಲಿ ಮೆಥೊಡಿಸ್ಟ್ ಮಿಷನ್ ಬೇರೂರಿತ್ತು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ ಆ ಪರಂಪರೆಯದು. ಕ್ರೈಸ್ತರ ಸಂಖ್ಯೆ ಅಲ್ಪ, ಹಳ್ಳಿಗಳು ದೂರದೂರ. ನಾಲ್ಕಾರು ಮನೆಗಳಿಗೊಂದು ಪುಟ್ಟ ಪ್ರಾರ್ಥನಾಲಯ. ಭಾನುವಾರ ಒಬ್ಬರೇ ಗುರು ಜೀಪಿನಲ್ಲಿ ಮೂರು ಕಡೆ ಬಲಿಪೂಜೆ ಅರ್ಪಿಸುವ ಪರಿಸ್ಥಿತಿ. ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಕುಳಿತು "ನಿಮ್ಮ ಧರ್ಮಕೇಂದ್ರದ ದೇವಾಲಯದಲ್ಲೇ ಮಾಡಿಕೊಳ್ಳಿ" ಎಂದು ಹೇಳುವುದಕ್ಕೂ, ಇಲ್ಲಿ ಅದನ್ನೇ ಹೇಳುವುದಕ್ಕೂ ಬಹಳ ಅಂತರವಿದೆ.

ಸಂಹಿತೆಯ ಮಾತು

1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಸ್ಥಳವನ್ನು ಕುರಿತು ಎರಡು ಮುಖ್ಯ ನಿಯಮಗಳಿವೆ. ನಿಯಮ 1115 ಧರ್ಮಕೇಂದ್ರವನ್ನು ನಿರ್ಧರಿಸುತ್ತದೆ: ವಧೂವರರಲ್ಲಿ ಒಬ್ಬರಿಗೆ ಸ್ಥಿರವಾಸವೋ, ಅರೆವಾಸವೋ, ಕಡೇಪಕ್ಷ ಒಂದು ತಿಂಗಳ ವಾಸವೋ ಇರುವ ಧರ್ಮಕೇಂದ್ರದಲ್ಲಿ ವಿವಾಹ ನಡೆಯಬೇಕು, ಧರ್ಮಾಧಿಕಾರಿಯ ಅಥವಾ ಅವರ ಸ್ವಂತ ವಿಚಾರಣಾ ಗುರುವಿನ ಅನುಮತಿಯಿದ್ದರೆ ಬೇರೆಡೆಯೂ ನಡೆಯಬಹುದು. ನಿಯಮ 1118 ಕಟ್ಟಡವನ್ನು ಕುರಿತದ್ದು: ಇಬ್ಬರು ಕಥೋಲಿಕರ ವಿವಾಹವೂ, ಕಥೋಲಿಕರು ಮತ್ತು ದೀಕ್ಷಾಸ್ನಾನ ಪಡೆದ ಇತರ ಕ್ರೈಸ್ತರ ನಡುವಿನ ವಿವಾಹವೂ ಧರ್ಮಕೇಂದ್ರದ ದೇವಾಲಯದಲ್ಲಿ ನಡೆಯಬೇಕು. ಬೇರೆ ದೇವಾಲಯಕ್ಕೋ ಪ್ರಾರ್ಥನಾಲಯಕ್ಕೋ ಸ್ಥಳೀಯ ಧರ್ಮಾಧಿಕಾರಿ ಅಥವಾ ವಿಚಾರಣಾ ಗುರು ಅನುಮತಿ ಕೊಡಬಹುದು. "ಬೇರೊಂದು ಯೋಗ್ಯ ಸ್ಥಳ"ಕ್ಕೆ ಮಾತ್ರ ಸ್ಥಳೀಯ ಧರ್ಮಾಧಿಕಾರಿಯ ಅನುಮತಿಯೇ ಬೇಕು. ಅದು ವಿಚಾರಣಾ ಗುರುವಿನ ಕೈಯಲ್ಲಿಲ್ಲ. ದೀಕ್ಷಾಸ್ನಾನ ಪಡೆಯದವರೊಡನೆ ನಡೆಯುವ ವಿವಾಹವು ದೇವಾಲಯದಲ್ಲಾಗಲಿ ಯೋಗ್ಯವಾದ ಬೇರೆ ಸ್ಥಳದಲ್ಲಾಗಲಿ ನಡೆಯಬಹುದೆಂದು ಅದೇ ನಿಯಮದ ಕೊನೆಯ ಭಾಗ ಹೇಳುತ್ತದೆ.

ಇದರಲ್ಲಿ ಪ್ರಾರ್ಥನಾಲಯವನ್ನು ಕುರಿತ ಮಾತನ್ನು ನಾವು ಸಾಕಷ್ಟು ಗಮನಿಸುವುದಿಲ್ಲ. ಸುರಪುರ ತಾಲ್ಲೂಕಿನ ಹಳ್ಳಿಯೊಂದರ ತಗಡಿನ ಮಾಡಿನ ಪ್ರಾರ್ಥನಾಲಯದಲ್ಲಿ ಮದುವೆ ಮಾಡಿಸಲು ಧರ್ಮಾಧ್ಯಕ್ಷರ ಕಚೇರಿಗೆ ಪತ್ರ ಬರೆಯಬೇಕಾಗಿಲ್ಲ. ವಿಚಾರಣಾ ಗುರುವಿನ ಒಪ್ಪಿಗೆ ಸಾಕು. ಎಷ್ಟೋ ಕುಟುಂಬಗಳು "ದೊಡ್ಡ ದೇವಾಲಯ ದೂರ, ಆದ್ದರಿಂದ ಹಾಲ್" ಎಂಬ ತೀರ್ಮಾನಕ್ಕೆ ಬರುವುದು ಈ ಮೂರನೆಯ ದಾರಿ ಇದೆಯೆಂದು ಯಾರೂ ಹೇಳದೆ ಇರುವುದರಿಂದ.

ಹೆಣ್ಣಿನ ಕಡೆಯೋ ಗಂಡಿನ ಕಡೆಯೋ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ. 1917ರ ಹಳೆಯ ಸಂಹಿತೆ ನ್ಯಾಯವಾದ ಕಾರಣವಿಲ್ಲದಿದ್ದರೆ ವಧುವಿನ ವಿಚಾರಣಾ ಗುರುವಿನ ಮುಂದೆಯೇ ವಿವಾಹ ನಡೆಯತಕ್ಕದ್ದೆಂದು ವಿಧಿಸಿತ್ತು. ಈ ಭಾಗದ ಹಲವು ಕುಟುಂಬಗಳಲ್ಲಿ ಮದುವೆಯ ಹಂದರ ಏಳುವುದು ಗಂಡಿನ ಮನೆಯ ಮುಂದೆ. ಇವೆರಡಕ್ಕೂ ಹೊಂದಾಣಿಕೆ ಇರಲಿಲ್ಲ. 1983ರ ಸಂಹಿತೆ ವಧುವಿನ ಕಡೆಗಿದ್ದ ಆ ಆದ್ಯತೆಯನ್ನು ಕೈಬಿಟ್ಟಿದೆ. ಆದುದರಿಂದ ಬೀಗರು ತಮ್ಮೊಳಗೆ ಒಪ್ಪಿಕೊಂಡ ಕಡೆಯಲ್ಲಿ ಮದುವೆ ನಡೆಸಲು ನಮ್ಮ ಕಡೆಯಿಂದ ಅಡ್ಡಿಯಿಲ್ಲ.

ಗುಳೆಯ ಜನರ ವಿಷಯದಲ್ಲಿ ಇನ್ನೂ ಎಚ್ಚರದಿಂದ ಓದಬೇಕು. ಯಾದಗಿರಿಯ ಯುವಕನೊಬ್ಬ ಬೆಂಗಳೂರಿನ ಕಟ್ಟಡ ಕಾಮಗಾರಿಯ ಶೆಡ್ಡಿನಲ್ಲಿ ಎರಡು ವರ್ಷದಿಂದ ಇದ್ದಾನೆ. ಅವನ ಧರ್ಮಕೇಂದ್ರ ಯಾವುದು? ನಿಯಮ 102ರ ಪ್ರಕಾರ ಶಾಶ್ವತವಾಗಿ ನೆಲೆಸುವ ಉದ್ದೇಶದಿಂದ ಅಥವಾ ಪೂರ್ಣ 5 ವರ್ಷಗಳ ವಾಸದಿಂದ ಸ್ಥಿರವಾಸ ಲಭಿಸುತ್ತದೆ. 3 ತಿಂಗಳ ವಾಸದಿಂದ ಅರೆವಾಸ. ನಿಯಮ 106ರಂತೆ ವಾಸಸ್ಥಳ ಕಳೆದುಹೋಗುವುದು ಮರಳಬಾರದೆಂಬ ಉದ್ದೇಶದಿಂದ ಹೊರಟಾಗ ಮಾತ್ರ. ಗುಳೆ ಹೋದವನು ಮರಳುವ ಉದ್ದೇಶದಿಂದಲೇ ಹೋದವನು. ಮನೆಗೆ ಬೀಗ ಹಾಕಿದ್ದಾನೆ, ಮಾರಿಲ್ಲ. ಅವನ ರೇಷನ್ ಕಾರ್ಡು ಊರಲ್ಲಿದೆ, ತಾಯಿ ಊರಲ್ಲಿದ್ದಾಳೆ. ಹಾಗಾಗಿ ಅವನಿಗೆ ಬೆಂಗಳೂರಿನಲ್ಲಿಯೂ ವಿಚಾರಣಾ ಗುರುವಿದ್ದಾರೆ, ಯಾದಗಿರಿಯಲ್ಲಿಯೂ ಇದ್ದಾರೆ. ಆದರೆ ನಿಜದಲ್ಲಿ ನಡೆಯುವುದೇನು? ಬೆಂಗಳೂರಿನಲ್ಲಿ "ನಿಮ್ಮ ಹೆಸರು ನಮ್ಮ ಕುಟುಂಬ ಪಟ್ಟಿಯಲ್ಲಿಲ್ಲ, ಊರಿಗೆ ಹೋಗಿ" ಎನ್ನುತ್ತಾರೆ. ಊರಿನಲ್ಲಿ "ಎರಡು ವರ್ಷದಿಂದ ಪೂಜೆಗೆ ಬಂದಿಲ್ಲ, ಬೆಂಗಳೂರಿನಿಂದ ಪತ್ರ ತನ್ನಿ" ಎನ್ನುತ್ತಾರೆ. ಇಬ್ಬರು ಗುರುಗಳಿರುವವನು ಒಬ್ಬರೂ ಇಲ್ಲದವನಾಗುತ್ತಾನೆ. ಅವನು ಮದುವೆಗೆ ಹಾಲ್ ಹುಡುಕಿಕೊಂಡರೆ ತಪ್ಪನ್ನು ಅವನೊಬ್ಬನ ಮೇಲೆ ಹೊರಿಸಲಾಗದು.

ಬಾಗಿಲು ಮತ್ತು ಹಂದರ

ಈ ನಿಯಮಗಳು ಎಲ್ಲಿಂದ ಬಂದವು ಎಂಬುದನ್ನು ಅರಿತರೆ ಅವುಗಳ ಉದ್ದೇಶ ತಿಳಿಯುತ್ತದೆ. ತೊಬೀತನ ಗ್ರಂಥದಲ್ಲಿ ತೊಬಿಯನ ಮದುವೆ ನಡೆಯುವುದು ವಧುವಿನ ತಂದೆಯ ಮನೆಯಲ್ಲಿ. ಅಲ್ಲಿಯೇ ಒಪ್ಪಂದದ ಪತ್ರವನ್ನೂ ಬರೆಯುತ್ತಾರೆ. ಕಾನಾ ಊರಿನ ಮದುವೆಯೂ ಮನೆಯ ಮದುವೆಯೇ. ಯೇಸುಸ್ವಾಮಿ ಅಲ್ಲಿ ಅತಿಥಿ. ಆದಿ ಕ್ರೈಸ್ತರು ತಮ್ಮ ನೆರೆಹೊರೆಯವರಂತೆಯೇ ಮನೆಗಳಲ್ಲಿ ಮದುವೆಯಾಗುತ್ತಿದ್ದರು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಸಂತ ಇಗ್ನಾಸಿಯುಸರು ಪೊಲಿಕಾರ್ಪರಿಗೆ ಬರೆದ ಪತ್ರದಲ್ಲಿ, ವಧೂವರರು ಧರ್ಮಾಧ್ಯಕ್ಷರ ಸಮ್ಮತಿಯೊಡನೆ ಒಂದಾಗುವುದು ಯುಕ್ತವೆಂದು ಹೇಳುತ್ತಾರೆ. ಸ್ಥಳದ ಮಾತನ್ನು ಅವರು ಎತ್ತುವುದಿಲ್ಲ. 866ರಲ್ಲಿ ಪೋಪ್ ಒಂದನೆಯ ನಿಕೋಲಾಸರು ಬಲ್ಗೇರಿಯದವರಿಗೆ ಉತ್ತರಿಸುತ್ತಾ, ಆಚರಣೆಗಳನ್ನೆಲ್ಲ ವಿವರಿಸಿದ ಮೇಲೂ, ಒಪ್ಪಿಗೆಯೊಂದಿದ್ದರೆ ವಿವಾಹಕ್ಕೆ ಸಾಕೆಂದು ಸ್ಪಷ್ಟಪಡಿಸಿದರು.

ಮಧ್ಯಯುಗದ ಯೂರೋಪಿನಲ್ಲಿ ಮದುವೆ ದೇವಾಲಯದ ಬಳಿಗೆ ಬಂತು. ಒಳಗೆ ಬರಲಿಲ್ಲ, ಬಾಗಿಲಿಗೆ ಬಂತು. ಊರಿನವರೆಲ್ಲ ನೋಡುವಂತೆ ಬಾಗಿಲ ಮುಂದೆ ವಧೂವರರು ಒಪ್ಪಿಗೆಯ ಮಾತಾಡಿ, ಅನಂತರ ಬಲಿಪೂಜೆಗೆ ಒಳಗೆ ಹೋಗುತ್ತಿದ್ದರು. ಇದರ ಮರ್ಮ ಬಹಿರಂಗತೆ. ಗುಟ್ಟಾಗಿ ಮದುವೆಯಾಗಿ, ಮರುದಿನ ಆಗಲೇ ಇಲ್ಲವೆಂದು ಕೈಬಿಡುವ ಗಂಡಸರಿಂದ ಹೆಂಗಸರನ್ನು ಕಾಪಾಡಲು ಈ ಬಹಿರಂಗತೆ ಬೇಕಾಗಿತ್ತು. ಬಾಗಿಲೊಂದೇ ಸಾಲದಾದಾಗ 1563ರಲ್ಲಿ ಟ್ರೆಂಟ್ ಮಹಾಸಭೆ "ತಮೆತ್ಸಿ" ಆಜ್ಞೆಯ ಮೂಲಕ ವಿಚಾರಣಾ ಗುರು ಮತ್ತು ಸಾಕ್ಷಿಗಳ ಉಪಸ್ಥಿತಿಯನ್ನು ಸಿಂಧುತ್ವಕ್ಕೇ ಅವಶ್ಯವೆಂದು ವಿಧಿಸಿತು. ಆ ಆಜ್ಞೆ ಪ್ರಕಟವಾದ ಧರ್ಮಕೇಂದ್ರಗಳಲ್ಲಿ ಮಾತ್ರ ಜಾರಿಯಲ್ಲಿತ್ತು. 1907ರ "ನೆ ತೆಮೆರೆ" ಆಜ್ಞೆ ಬಂದ ಬಳಿಕವೇ ಲತೀನ್ ಧರ್ಮಸಭೆಯಲ್ಲಿ ಬಹುಮಟ್ಟಿಗೆ ಎಲ್ಲೆಡೆ ಒಂದೇ ಪದ್ಧತಿ ನೆಲೆಗೊಂಡಿತು.

ಉತ್ತರ ಕರ್ನಾಟಕದವರಿಗೆ ಈ ಚರಿತ್ರೆಯನ್ನು ವಿವರಿಸಲು ಪುಸ್ತಕ ಬೇಕಾಗಿಲ್ಲ; ಹಂದರ ಸಾಕು. ಮನೆಯ ಮುಂದೆ ಕಂಬ ನೆಟ್ಟು, ಮಾವಿನ ತೋರಣ ಕಟ್ಟಿ, ಬೀದಿಗೆ ತೆರೆದಿಟ್ಟ ಆ ನೆರಳು ಮನೆಯ ಒಳಗೂ ಅಲ್ಲ, ಪೂರಾ ಹೊರಗೂ ಅಲ್ಲ. ಹಂದರಕ್ಕೆ ಬಂದವನು ಮದುವೆಗೆ ಸಾಕ್ಷಿ. ನಾಳೆ ಈ ಹುಡುಗಿಗೆ ಅನ್ಯಾಯವಾದರೆ ಅವನಿಗೆ ಮಾತಾಡುವ ಹಕ್ಕೂ ಉಂಟು, ಹೊಣೆಯೂ ಉಂಟು. ಮಧ್ಯಯುಗದ ದೇವಾಲಯದ ಬಾಗಿಲು ಮಾಡಿದ ಕೆಲಸವೂ ಇದೇ. ನಮ್ಮ ಇಂದಿನ ವಿವಾಹ ವಿಧಿಯಲ್ಲಿಯೂ ಗುರುಗಳು ದೇವಾಲಯದ ಬಾಗಿಲಿಗೆ ಹೋಗಿ ವಧೂವರರನ್ನು ಎದುರುಗೊಳ್ಳುವ ಕ್ರಮವಿದೆ. ಕ್ಯಾಮರಾದವರ ಗಡಿಬಿಡಿಯಲ್ಲಿ ನಾವು ಅದನ್ನು ಬಿಟ್ಟುಬಿಡುತ್ತೇವೆ. ಬಿಡಬಾರದು.

ವ್ಯಕ್ತಿ ಬೇರೆ, ಸ್ಥಳ ಬೇರೆ

ಗುರುವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಸರಿಯಾಗಿ ಬರೆದು, ಪಾಲನೆಗೆ ಹೋದ ಮೇಲೆ ಮರೆಯುವ ವಿಷಯ ಇದು. ನಿಯಮ 1118ರ ಅನುಮತಿಯಿಲ್ಲದೆ ಹಾಲ್‌ನಲ್ಲಿ ವಿವಾಹ ನಡೆಸಿದರೆ ಅದು ಅವಿಹಿತ. ಆದರೆ ಅಷ್ಟಕ್ಕೇ ಅಸಿಂಧುವಾಗದು. ಸಿಂಧುತ್ವ ನಿಂತಿರುವುದು ನಿಯಮ 1108ರ ಮೇಲೆ: ಅಧಿಕಾರವುಳ್ಳ ಗುರು ಅಥವಾ ಸೇವಾದರ್ಶಿ ಮತ್ತು ಇಬ್ಬರು ಸಾಕ್ಷಿಗಳು. ಆ ಅಧಿಕಾರವೋ, ನಿಯಮ 1109ರಂತೆ, ಗಡಿಗೆ ಒಳಪಟ್ಟದ್ದು. ತನ್ನ ಧರ್ಮಕೇಂದ್ರದ ಗಡಿಯೊಳಗೆ ವಿಚಾರಣಾ ಗುರು ತನ್ನವರ ವಿವಾಹವನ್ನೂ ಪರರ ವಿವಾಹವನ್ನೂ ನಡೆಸಬಲ್ಲರು. ಗಡಿ ದಾಟಿದೊಡನೆ ಸ್ವಂತ ಜನರ ವಿವಾಹವನ್ನು ಕೂಡ ನಡೆಸಲಾರರು, ಅಲ್ಲಿನ ವಿಚಾರಣಾ ಗುರು ಅಥವಾ ಸ್ಥಳೀಯ ಧರ್ಮಾಧಿಕಾರಿ ನಿಯಮ 1111ರಂತೆ ಅಧಿಕಾರ ವಹಿಸಿಕೊಡದ ಹೊರತು.

ದೇವಾಲಯದಲ್ಲಿ ಮದುವೆಯಾದರೆ ಈ ತೊಡಕು ತಾನಾಗಿ ಬಗೆಹರಿದಿರುತ್ತದೆ. ಪರದೇವಾಲಯಕ್ಕೆ ಹೋದ ಗುರು ಅಲ್ಲಿನವರನ್ನು ಕೇಳದೆ ಒಳಗೆ ಹೋಗುವಂತೆಯೇ ಇಲ್ಲ. ಹಾಲ್‌ಗೆ ಅಂಥ ಕಾವಲಿಲ್ಲ. ನನಗೆ ಪರಿಚಯವಿದ್ದ ಗುರುವೊಬ್ಬರು ತಮ್ಮ ಹಳ್ಳಿಯ ಜೋಡಿಯೊಂದಕ್ಕಾಗಿ ಪಕ್ಕದ ಪಟ್ಟಣದ ಫಂಕ್ಷನ್ ಹಾಲ್‌ಗೆ ಹೋಗಿ ವಿಧಿಪೂರ್ವಕವಾಗಿ ಎಲ್ಲವನ್ನೂ ನೆರವೇರಿಸಿದರು. ಹಾಲ್‌ಗೆ ಬೇಕಾದ ಅನುಮತಿಯನ್ನೂ ತಂದಿದ್ದರು. ದಾಖಲೆ ಬರೆಯಲು ಕುಳಿತಾಗ ಹೊಳೆಯಿತು: ಆ ಹಾಲ್ ನೆರೆಯ ಧರ್ಮಕೇಂದ್ರದ ಗಡಿಯಲ್ಲಿದೆ, ಅಲ್ಲಿನ ಗುರುವಿನಿಂದ ಅಧಿಕಾರ ಪಡೆದಿಲ್ಲ. ಅನುಮತಿಪತ್ರದಲ್ಲಿ ಸ್ಥಳದ ಮಾತಿತ್ತೇ ಹೊರತು ಅಧಿಕಾರದ ಮಾತಿರಲಿಲ್ಲ. ವಧೂವರರು ಅಷ್ಟರಲ್ಲಿ ಪುಣೆಯ ರೈಲು ಹತ್ತಿದ್ದರು. ನಿಯಮ 1161ರಲ್ಲಿ ಹೇಳಿರುವಂತೆ ವಿವಾಹವನ್ನು ಮೂಲದಿಂದಲೇ ಸರಿಪಡಿಸುವ ಕ್ರಮಕ್ಕೆ ಧರ್ಮಾಧ್ಯಕ್ಷರ ಮೊರೆಹೋಗಬೇಕಾಯಿತು. ನೆರೆಯ ಗುರುವಿಗೆ ಮುಂಚಿತವಾಗಿ ಎರಡು ಸಾಲಿನ ಪತ್ರ ಬರೆದಿದ್ದರೆ ಆಗುತ್ತಿದ್ದ ಕೆಲಸ ಅದು.

ಮೆಥೊಡಿಸ್ಟ್ ಕುಟುಂಬಗಳೊಡನೆ ಸಂಬಂಧ ಬೆಳೆಸುವಾಗಲೂ ವ್ಯಕ್ತಿ ಮತ್ತು ಸ್ಥಳದ ಈ ಭೇದ ಕಾಡುತ್ತದೆ. ಈ ಸೀಮೆಯಲ್ಲಿ ಅಂಥ ಸಂಬಂಧಗಳು ಸಹಜ. ಒಂದೇ ಬಂಧುಬಳಗ ಎರಡೂ ಸಭೆಗಳಲ್ಲಿ ಹಂಚಿಹೋಗಿರುತ್ತದೆ. ಕಥೋಲಿಕ ವಧುವಿಗೆ ನಿಯಮ 1124ರ ಅನುಮತಿ ಬೇಕು. ವಿವಾಹ ಮೆಥೊಡಿಸ್ಟ್ ಚರ್ಚಿನಲ್ಲಿ, ಅವರ ಸಭಾಪಾಲಕರಿಂದಲೇ ನಡೆಯುವುದಾದರೆ ಸ್ಥಳದ ಅನುಮತಿ ಸಾಲದು. ನಿಯಮ 1127ರ ಪ್ರಕಾರ ವಿವಾಹದ ವಿಧಿರೂಪದಿಂದಲೇ ವಿನಾಯಿತಿ ಬೇಕು, ಅದು ಸಿಂಧುತ್ವದ ಪ್ರಶ್ನೆ. ನಮ್ಮ ಗುರು ಅವರ ಚರ್ಚಿನಲ್ಲಿ ನಿಂತು ಒಪ್ಪಿಗೆ ಸ್ವೀಕರಿಸುವುದಾದರೆ ಅದು ಬೇರೆ ಸಂಗತಿ. ಅಲ್ಲಿ ಬೇಕಾಗಿರುವುದು ಸ್ಥಳದ ಅನುಮತಿ ಮತ್ತು ಆ ಸಭೆಯವರ ಸೌಜನ್ಯ. ಒಂದು ಹೊತ್ತು ಅಲ್ಲಿ, ಇನ್ನೊಂದು ಹೊತ್ತು ಇಲ್ಲಿ ಎಂದು ಎರಡು ಸಲ ಒಪ್ಪಿಗೆ ಪಡೆಯುವುದನ್ನೂ, ಇಬ್ಬರು ಒಟ್ಟಿಗೆ ನಿಂತು ತಂತಮ್ಮ ವಿಧಿಯಲ್ಲಿ ಒಪ್ಪಿಗೆ ಕೇಳುವುದನ್ನೂ ಅದೇ ನಿಯಮ ನಿಷೇಧಿಸುತ್ತದೆ. ಬೀಗರ ಮನಸ್ತಾಪ ತಣಿಸಲು ಇಂಥ ಬೇಡಿಕೆ ಬಂದೇ ಬರುತ್ತದೆ. ಒಬ್ಬರು ಒಪ್ಪಿಗೆ ಸ್ವೀಕರಿಸಲಿ, ಇನ್ನೊಬ್ಬರು ದೇವರ ವಾಕ್ಯ ಓದಿ ಆಶೀರ್ವದಿಸಲಿ. ಇದಕ್ಕೆ 1993ರ ಕ್ರೈಸ್ತೈಕ್ಯ ನಿರ್ದೇಶಿಕೆಯಲ್ಲಿ ಅವಕಾಶವಿದೆ. ಹಿರಿಯರಲ್ಲಿ ಕೆಲವರಿಗೆ ಇಂದಿಗೂ ಒಂದು ಹಳೆಯ ನೋವಿದೆ: 1917ರ ಸಂಹಿತೆಯಡಿ ಮಿಶ್ರ ವಿವಾಹಗಳು ಸಾಮಾನ್ಯವಾಗಿ ದೇವಾಲಯದ ಹೊರಗೇ ನಡೆಯಬೇಕಾಗಿತ್ತು. ಗುರುನಿಲಯದ ಜಗಲಿಯಲ್ಲಿ ಮದುವೆಯಾದ ಅಜ್ಜಿಯ ಮೊಮ್ಮಗಳಿಗೆ ನಾವು "ದೇವಾಲಯಕ್ಕೇ ಬರಬೇಕು" ಎಂದು ಗದರಿದರೆ ಆ ಮನೆಯಲ್ಲಿ ಅದು ಹೇಗೆ ಕೇಳಿಸೀತು ಎಂದು ಯೋಚಿಸಬೇಕು.

ನಾಡಿನ ಕಾನೂನಿನ ಬಗ್ಗೆಯೂ ಒಂದೆರಡು ಮಾತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆ ತನ್ನ 11ನೆಯ ಕಲಮಿನಲ್ಲಿ ಸ್ಥಳದ ಕಟ್ಟು ಹಾಕಿರುವುದು ಇಂಗ್ಲೆಂಡ್ ಸಭೆಯ ಪಾದ್ರಿಗಳಿಗೆ ಮಾತ್ರ: ಐದು ಮೈಲಿಯೊಳಗೆ ತಮ್ಮ ಸಭೆಯ ದೇವಾಲಯವಿದ್ದರೆ, ಬಿಷಪರ ವಿಶೇಷ ಪರವಾನಗಿಯಿಲ್ಲದೆ, ಅವರು ಬೇರೆಡೆ ಮದುವೆ ಮಾಡಿಸುವಂತಿಲ್ಲ. ಕಥೋಲಿಕರಿಗೆ ಅಂಥ ಕಟ್ಟಿಲ್ಲ. ಆದರೆ ವೇಳೆಯ ಕಟ್ಟು ನಮಗೂ ಇದೆ. 10ನೆಯ ಕಲಮಿನಂತೆ ಮದುವೆ ನಡೆಯಬೇಕಾದದ್ದು ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ. ಆ ವೇಳೆಯ ಹೊರಗೆ ನಡೆಸಲು ನಮ್ಮ ಧರ್ಮಾಧ್ಯಕ್ಷರ ಪರವಾನಗಿ ಬೇಕು. ತಿಳಿದೂ ಮೀರಿದವರಿಗೆ ಕಾಯಿದೆಯಲ್ಲಿ ಸೆರೆವಾಸದ ಶಿಕ್ಷೆಯೇ ಇದೆ. ಹಾಲ್ ಮದುವೆಗಳಲ್ಲಿ ಇದು ಕಾಗದದ ಮಾತಾಗಿ ಉಳಿಯುವುದಿಲ್ಲ. ಬಿಸಿಲಿಳಿಯಲೆಂದು ಸಂಜೆ 5ಕ್ಕೆ ಇಟ್ಟ ಮದುವೆಗೆ ಗಂಡಿನ ಕಡೆಯ ಕ್ರೂಸರು, ಟೆಂಪೋಗಳು ಆರೂವರೆಗೆ ಬಂದಿಳಿದು, ಡಿಜೆ ಮುಂದೆ ಕುಣಿತ ಮುಗಿಯದೆ, ಗುರುಗಳು ಗಡಿಯಾರ ನೋಡುತ್ತಾ ನಿಲ್ಲುವ ಪ್ರಸಂಗವನ್ನು ನಾನೇ ಅನುಭವಿಸಿದ್ದೇನೆ. ಹಳ್ಳಿಯ ಪ್ರಾರ್ಥನಾಲಯದಲ್ಲಿ ಬೆಳಿಗ್ಗೆ 7ಕ್ಕೆ ಇಟ್ಟ ಮದುವೆಗೆ ಈ ಕಷ್ಟವಿಲ್ಲ. ಬಿಸಿಲೂ ಏರಿರುವುದಿಲ್ಲ.

ಯೋಗ್ಯ ಸ್ಥಳ

"ಯೋಗ್ಯ" ಎಂದರೇನೆಂದು ಸಂಹಿತೆ ವಿವರಿಸಿಲ್ಲ. ಧರ್ಮಾಧಿಕಾರಿಗೆ ಬರೆಯುವ ಮುನ್ನ ಗುರು ಸ್ವತಃ ಹೋಗಿ ಸ್ಥಳ ನೋಡಬೇಕೆಂಬುದು ನನ್ನ ಸಲಹೆ. ಸಿಂಹಾಸನದಂಥ ಎರಡು ಕುರ್ಚಿಗಳ ವೇದಿಕೆ, ಎದುರಿಗೆ ಐನೂರು ಕುರ್ಚಿ, ಪಕ್ಕದಲ್ಲೇ ಊಟದ ಮನೆ: ಇಲ್ಲಿ ಸೇರಿದವರು ಸಭೆಯಾಗಿ ಪ್ರಾರ್ಥಿಸಲು ಸಾಧ್ಯವೇ? ಒಂದು ಗಂಟೆ ಸ್ಪೀಕರು ಮೌನವಾಗಿದ್ದೀತೇ? ವಧೂವರರ ಒಪ್ಪಿಗೆಯ ಮಾತು ಸಾಕ್ಷಿಗಳ ಕಿವಿಗಾದರೂ ಬಿದ್ದೀತೇ? ಬೇರೊಂದು ದೇವಸ್ಥಾನಕ್ಕೆ ಸೇರಿದ ಕಲ್ಯಾಣ ಮಂಟಪವಾದರೆ ಅಲ್ಲಿನ ಆಡಳಿತದವರಿಗೆ ನಮ್ಮ ಆರಾಧನೆಯ ಬಗ್ಗೆ ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಅವರ ಪವಿತ್ರ ಚಿತ್ರಗಳನ್ನು ಬಟ್ಟೆಯಿಂದ ಮುಚ್ಚಿಸುವ ಒರಟುತನಕ್ಕೆ ಹೋಗಬಾರದು. ಅಂಥಲ್ಲಿ ಊಟವಷ್ಟೇ ಇರಲಿ. ಹಾಲ್‌ನಲ್ಲಿ ಬಲಿಪೂಜೆ ಬೇಡವೆಂಬುದು ನನ್ನ ನಿಲುವು. ನಿಯಮ 932 ಅವಶ್ಯಕತೆಯಿಲ್ಲದೆ ಪವಿತ್ರ ಸ್ಥಳದ ಹೊರಗೆ ಬಲಿಪೂಜೆ ಅರ್ಪಿಸಬಾರದೆನ್ನುತ್ತದೆ. ವಿವಾಹಕ್ಕೆ ಬಲಿಪೂಜೆಯಿಲ್ಲದ ವಿಧಿಯೂ ಇದ್ದೇ ಇದೆ.

ಆಡಂಬರದ ಟೀಕೆಯಲ್ಲಿ ಮಾತ್ರ ನಾವು ಸ್ವಲ್ಪ ತಡೆದು ಮಾತಾಡಬೇಕೆನಿಸುತ್ತದೆ. 2016ರ "ಅಮೋರಿಸ್ ಲೆತೀತ್ಸಿಯ" ಪತ್ರದಲ್ಲಿ ಪೋಪ್ ಫ್ರಾನ್ಸಿಸರು ಆಮಂತ್ರಣ, ಉಡುಪು, ಔತಣಗಳಲ್ಲೇ ಹಣವನ್ನೂ ಉತ್ಸಾಹವನ್ನೂ ಕಳೆದುಕೊಂಡು ದಣಿದು ವಿವಾಹಕ್ಕೆ ಬರುವ ಜೋಡಿಗಳನ್ನು ಕಂಡು ಮರುಗುತ್ತಾರೆ. ಸತ್ಯವಾದ ಮಾತು, ಸಾಲ ಮಾಡಿ ಮದುವೆ ಮಾಡಿ, ಆ ಸಾಲ ತೀರಿಸಲು ನವದಂಪತಿಯೇ ಗುಳೆ ಹೋಗುವುದನ್ನು ಇಲ್ಲಿ ಕಾಣುತ್ತೇವೆ. ಆದರೆ ಈ ಭಾಗದ ಕ್ರೈಸ್ತರಲ್ಲಿ ಬಹಳ ಮಂದಿ ದಲಿತ ಹಿನ್ನೆಲೆಯವರೆಂಬುದನ್ನು ಮರೆಯಬಾರದು. ಊರ ನಡುವಿನ ಬೀದಿಯಲ್ಲಿ ಮೆರವಣಿಗೆ ಹೋಗಲು ಹೆದರುತ್ತಿದ್ದವರ, ಉಳ್ಳವರ ಮದುವೆಯಲ್ಲಿ ದೂರ ಕುಳಿತು ಉಂಡವರ ಮೊಮ್ಮಕ್ಕಳು ಇವರು. ಶಹಾಪುರದ ಹೆದ್ದಾರಿಯ ಪಕ್ಕದ ಫಂಕ್ಷನ್ ಹಾಲ್‌ನ ಕಮಾನಿನ ಮೇಲೆ ತಮ್ಮ ಮಗಳ ಹೆಸರಿನ ಬ್ಯಾನರು ಕಟ್ಟಿದಾಗ ಆ ತಂದೆ ಕೊಳ್ಳುತ್ತಿರುವುದು ಬರಿಯ ಆಡಂಬರವಲ್ಲ. ಎಲ್ಲರೂ ಬಂದು ತನ್ನ ಮನೆಯ ಅನ್ನ ಉಣ್ಣಲಿ ಎಂಬ, ಮೂರು ತಲೆಮಾರು ಕಾದ ಆಸೆ ಅದು. ಒಂದು ಸಲ ಅಂಥ ತಂದೆಯೊಬ್ಬರಿಗೆ ನಾನು ಸರಳತೆಯ ಉಪದೇಶ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ಸರಳ ಅಂದ್ರ ನಮಗ ಗೊತ್ತದರೀ ಫಾದರ್, ಅದ್ರಾಗೇ ಹುಟ್ಟೀವಿ" ಎಂದರು. ಉತ್ತರಿಸಲು ನನ್ನಲ್ಲಿ ಮಾತಿರಲಿಲ್ಲ.

ಆ ಆಸೆಗೆ ಹಾಲ್ ಇರಲಿ, ಊಟಕ್ಕೆ. ಒಪ್ಪಿಗೆಯ ಮಾತು ಬೇರೆಡೆ ಇರಲಿ. ಇದಕ್ಕೆದುರಾಗಿ, ಸ್ವಂತ ಊರಿನ ಪ್ರಾರ್ಥನಾಲಯವನ್ನು ಬಿಟ್ಟು, ಛಾಯಾಚಿತ್ರಕ್ಕೆ ಚೆನ್ನಾಗಿದೆಯೆಂದು ಕಲಬುರಗಿಯ ಅಥವಾ ಹೈದರಾಬಾದಿನ ದೊಡ್ಡ ದೇವಾಲಯವೊಂದನ್ನು ಆರಿಸಿಕೊಳ್ಳುವ ಉಳ್ಳ ಕುಟುಂಬಗಳಿಗೆ ನಾವು ಅಡ್ಡಿ ಹೇಳುವುದಿಲ್ಲ. ಅದು ದೇವಾಲಯವಲ್ಲವೇ ಎನ್ನುತ್ತೇವೆ. ಆ ವಧೂವರರನ್ನು ಬಲ್ಲವರು ಆ ದೇವಾಲಯದಲ್ಲಿ ಒಬ್ಬರೂ ಇರುವುದಿಲ್ಲ. ಊರಿನ ಮುದುಕರು, ಕೂಲಿಯವರು ಅಷ್ಟು ದೂರ ಬರಲಾರರು. ಸಂಹಿತೆಯ ಆಶಯಕ್ಕೆ ಯಾವುದು ಹೆಚ್ಚು ಹತ್ತಿರ, ಆ ಅಪರಿಚಿತ ದೇವಾಲಯವೋ, ಧರ್ಮಾಧಿಕಾರಿಯ ಅನುಮತಿ ಪಡೆದು ಪ್ರಾರ್ಥನಾಲಯದ ಅಂಗಳದಲ್ಲಿ ಕಟ್ಟಿದ ಹಂದರವೋ? ಹಂದರವೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಹಾಲ್‌ಗೆ ಹೋದ ಮೇಲೆ ಬರುವ ಒಂದು ಬೇಡಿಕೆಯನ್ನು ಮಾತ್ರ ನಿರಾಕರಿಸಲೇಬೇಕು. "ಬೆಳಿಗ್ಗೆ ಬರದವರು ನೋಡಲಿ, ಇನ್ನೊಂದು ಸಲ ಮಾಂಗಲ್ಯ ಕಟ್ಟಿಸಿ" ಎನ್ನುತ್ತಾರೆ. ವಿಡಿಯೋದವರಂತೂ ಬೆಳಕು ಸಾಲಲಿಲ್ಲವೆಂಬ ಕಾರಣಕ್ಕೇ ಕೇಳುತ್ತಾರೆ. ಒಮ್ಮೆ ಕೊಟ್ಟ ಮಾತನ್ನು ಕೊಡದಂತೆ ನಟಿಸಿ ಮತ್ತೆ ಕೊಡಿಸಲಾಗದು. ಊಟದ ಮುಂಚೆ ಒಂದು ಪ್ರಾರ್ಥನೆ, ನೆರೆದವರಿಗೆ ದಂಪತಿಯ ಪರಿಚಯ, ಹಿರಿಯರಿಂದ ಅಕ್ಷತೆ: ಅಷ್ಟು ಸಾಕು, ಜನರೂ ಒಪ್ಪುತ್ತಾರೆ. ಇದೆಲ್ಲಕ್ಕಿಂತ ಮುಖ್ಯವಾದದ್ದು ವೇಳೆಗೆ ಸರಿಯಾಗಿ ಮಾತಾಡುವುದು. ಕ್ರಿಸ್ತಜಯಂತಿಗೆ ಗುಳೆಯವರು ಊರಿಗೆ ಬಂದಾಗಲೇ ಪ್ರತಿ ಉಪಕೇಂದ್ರದಲ್ಲಿಯೂ ಉಪದೇಶಿಗಳ ಮೂಲಕ ಹೇಳಿಸಬೇಕು: ಈ ವರ್ಷ ಮನೆಯಲ್ಲಿ ಮದುವೆಯಿದ್ದರೆ ಹಾಲ್‌ಗೆ ಮುಂಗಡ ಕೊಡುವ ಮೊದಲು ಗುರುನಿಲಯಕ್ಕೆ ಬನ್ನಿ. ಬಂದವರ ದೀಕ್ಷಾಸ್ನಾನದ ಪತ್ರ, ವಿಚಾರಣೆ, ಪ್ರಕಟಣೆಗಳ ಓಡಾಟವನ್ನು ಆದಷ್ಟೂ ನಾವೇ ಹೊರಬೇಕು. ಒಂದು ದಿನದ ಕೂಲಿ ಬಿಟ್ಟು ಬಸ್ಸಿನಲ್ಲಿ ಬಂದವರನ್ನು "ನಾಳೆ ಬನ್ನಿ" ಎಂದು ಕಳಿಸಬಾರದು.

ಎರಡು ವರ್ಷದ ಹಿಂದೆ ನಾನು ನೆರವಿಗೆಂದು ಹೋಗಿದ್ದ ಮದುವೆಯೊಂದನ್ನು ಹೇಳಿ ಮುಗಿಸುತ್ತೇನೆ. ವಧು ಸುರಪುರ ತಾಲ್ಲೂಕಿನ ಹಳ್ಳಿಯ ಕಥೋಲಿಕಳು. ವರ ಯಾದಗಿರಿಯ ಮೆಥೊಡಿಸ್ಟ್ ಕುಟುಂಬದವನು, ಬೆಂಗಳೂರಿನಲ್ಲಿ ಟೈಲ್ಸ್ ಹಾಕುವ ಕೆಲಸ. ಶಹಾಪುರದ ಹಾಲ್‌ಗೆ ಮುಂಗಡ ಕೊಟ್ಟಾಗಿತ್ತು. ಹಳ್ಳಿಯ ಪ್ರಾರ್ಥನಾಲಯದಲ್ಲಿ ಅರವತ್ತು ಜನ ಕೂರಬಹುದು, ಬರುವವರು ಮುನ್ನೂರು. ವಿಚಾರಣಾ ಗುರುಗಳು ಮಿಶ್ರ ವಿವಾಹದ ಅನುಮತಿಯನ್ನೂ ಪ್ರಾರ್ಥನಾಲಯದ ಅಂಗಳಕ್ಕೆ ಸ್ಥಳದ ಅನುಮತಿಯನ್ನೂ ಒಂದೇ ಅರ್ಜಿಯಲ್ಲಿ ಕೇಳಿ ಪಡೆದರು. ವರನ ಕಡೆಯವರು ಹಿಂದಿನ ರಾತ್ರಿಯೇ ಬಂದು ಶಾಲೆಯಲ್ಲಿ ಉಳಿದರು. ಬೆಳಿಗ್ಗೆ ಏಳಕ್ಕೆ ಬಾಗಿಲ ಮುಂದಿನ ಹಂದರದಲ್ಲಿ ಒಪ್ಪಿಗೆಯಾಯಿತು. ಯಾದಗಿರಿಯ ಸಭಾಪಾಲಕರು ವಾಕ್ಯ ಓದಿ ಆಶೀರ್ವದಿಸಿದರು. ಅಕ್ಕಪಕ್ಕದ ಓಣಿಯವರು, ಕ್ರೈಸ್ತರಲ್ಲದವರೂ, ಗೋಡೆಗೆ ಆನಿಕೊಂಡು ನಿಂತು ಕೇಳಿದರು. ಹನ್ನೊಂದಕ್ಕೆ ಎಲ್ಲರೂ ವಾಹನ ಹತ್ತಿ ಶಹಾಪುರದ ಹಾಲ್‌ಗೆ ಊಟಕ್ಕೆ ಹೊರಟರು. ಹೊರಡುವ ಮುನ್ನ ವಿಚಾರಣಾ ಗುರುಗಳು ಸಾಕ್ಷಿಗಳಿಬ್ಬರನ್ನೂ ಕೂರಿಸಿಕೊಂಡು ದಾಖಲೆ ಪುಸ್ತಕ ತೆರೆದರು. ಸ್ಥಳದ ಅಂಕಣದಲ್ಲಿ ಏನು ಬರೆಯಬೇಕೆಂದು ಕ್ಷಣ ಯೋಚಿಸಿ, ಹಳ್ಳಿಯ ಹೆಸರು ಬರೆದು, ಪಕ್ಕದಲ್ಲಿ "ಪ್ರಾರ್ಥನಾಲಯದ ಮುಂದಿನ ಹಂದರ" ಎಂದೂ, ಅದರ ಕೆಳಗೆ ಅನುಮತಿಪತ್ರದ ಸಂಖ್ಯೆಯನ್ನೂ ಬರೆದರು.